ಎಸ್ ಸರ್

ನಮ್ಮೂರ ಗುಡ್ಡದ ನೆತ್ತಿಯಲ್ಲೊಂದು ಹಾಸುಬಂಡೆಯಿದೆ. ಅದರ ಮೇಲೆ ಪಡುವಣಕ್ಕೆ ಮುಖ ಮಾಡಿ ನಿಂತರೆ ಎರಡು ಕಡ್ಡಿ ನೆಟ್‌ವರ್ಕ್, ತೆಂಕಣಕ್ಕೆ ತಿರುಗಿದರೆ ಒಂದು, ಕೂತರೆ ಸೊನ್ನೆ. ಹಾಗಾಗಿ ಎಂ.ಎ. ಮೂರನೇ ಸೆಮಿಸ್ಟರನ್ನು ನಾನು ನಿಂತೇ ಓದಿದೆ. ತಪ್ಪು ಮಾಡಿದವರನ್ನು ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದುದು ಗೊತ್ತು. ಯಾವ ತಪ್ಪೂ ಮಾಡದೆ ಇಡೀ ಸೆಮಿಸ್ಟರು ಬಂಡೆಯ ಮೇಲೆ ನಿಂತವನು ನಾನು.

2020ರ ಮಾರ್ಚ್ ನಡುವಿನಲ್ಲಿ, ಒಂದು ವಾರ ರಜೆಯಂತೆ ಎಂದು ಹಾಸ್ಟೆಲ್ ಬಿಟ್ಟಾಗ ಬ್ಯಾಗಿನಲ್ಲಿದ್ದದ್ದು ಒಗೆಯಬೇಕಾದ ಬಟ್ಟೆ ಮಾತ್ರ. ಪುಸ್ತಕಗಳೆಲ್ಲ ರೂಮಿನಲ್ಲೇ ಉಳಿದವು. ಆ ಒಂದು ವಾರ ಎಂಟು ತಿಂಗಳು ನಡೆಯಿತು. ಸೆಪ್ಟೆಂಬರ್ ಒಂದರಿಂದ ಆನ್‌ಲೈನ್ ಕ್ಲಾಸು ಶುರು ಎಂದಾಗ ಮಲೆನಾಡಿನಲ್ಲಿ ಮಳೆಯಿನ್ನೂ ಹೊರಡುವ ಮನಸ್ಸು ಮಾಡಿರಲಿಲ್ಲ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಫೋನು. ನೋಟ್ಸ್ ಬರೆಯಲು ಮೂರನೇ ಕೈ ಬೇಕಿತ್ತು; ಇದ್ದಿದ್ದರೂ ಅದು ಇಂಬಳ ಕೀಳುವುದಕ್ಕೇ ಸರಿಹೋಗುತ್ತಿತ್ತು.

ಅಮ್ಮನಿಗೆ ಈ ಏರ್ಪಾಡಿನಲ್ಲಿ ಬೇರೆಯೇ ಅನುಕೂಲ ಕಂಡಿತು. "ಹ್ಯಾಂಗೂ ಬೆಟ್ಟಕ್ಕೆ ಹೋಗ್ತೀಯಲ್ಲ, ಬರೋವಾಗ ಕೊಟ್ಟಿಗೆಗೆ ಒಂದು ಹೊರೆ ಸೊಪ್ಪು ತಂದ್‌ಬಿಡು" ಎಂದಳು. ಅಜ್ಜನೂ ಒಮ್ಮೆ ಏದುಸಿರು ಬಿಡುತ್ತಾ ಬಂಡೆಯವರೆಗೆ ಬಂದು ಕ್ಲಾಸು ನೋಡಿದ. ಸರಿಯಾಗಿ ಆ ಹೊತ್ತಿಗೇ ಮೇಷ್ಟ್ರ ಚಿತ್ರ ಬಾಯಿ ತೆರೆದ ಭಂಗಿಯಲ್ಲಿ ನಿಂತುಹೋಗಿತ್ತು. "ಪಾಪ, ಅವ್ರಿಗೆ ಆಕಳಿಕೆ ಬಂದು ಎಷ್ಟು ಹೊತ್ತಾತು ಮಾರಾಯ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಇಳಿದು ಹೋದ.

ಮುಖ್ಯ ವಿಷಯಗಳ ಕ್ಲಾಸು ಹೇಗೋ ಸಾಗುತ್ತಿತ್ತು. ನನಗೆ ನೆನಪಿರುವುದು ಓಪನ್ ಎಲೆಕ್ಟಿವ್. ಹತ್ತಾರು ವಿಭಾಗಗಳಿಂದ ಬಂದ, ಒಬ್ಬರ ಮುಖ ಒಬ್ಬರು ಕಾಣದ ಅರವತ್ತು ಜನ. ಪಾಠ ಮಾಡುವವರು ಆಗಷ್ಟೇ ಸೇರಿದ ಅತಿಥಿ ಉಪನ್ಯಾಸಕರು. ವಿಷಯ ಜಾನಪದ. ಬಾಯಿಂದ ಬಾಯಿಗೆ ಸಾಗುವಾಗ ಕಥೆ ಬದಲಾಗುತ್ತದೆ, ಹೀಗೆ ಪಾಠಾಂತರಗಳು ಹುಟ್ಟುತ್ತವೆ ಎಂದು ಅವರು ಹೇಳಿದರಂತೆ. 'ಅಂತೆ' ಏಕೆಂದರೆ ನನಗೆ ಕೇಳಿಸಿದ್ದು "ಬಾಯಿಂದ... ಹುಟ್ಟುತ್ತವೆ" ಎಂದಷ್ಟೇ. ಬೇರೆಯವರಿಗೆ ಬೇರೆ ತುಂಡು ಸಿಕ್ಕಿತ್ತು. ಪರೀಕ್ಷೆಯ ಮುಂಚೆ ಎಲ್ಲರ ನೋಟ್ಸು ಹೋಲಿಸಿ ನೋಡಿದೆವು. ಪಾಠ ಒಂದು, ಪಾಠಾಂತರ ಅರವತ್ತು. ಇದಕ್ಕಿಂತ ಚೆನ್ನಾಗಿ ಆ ವಿಷಯವನ್ನು ಯಾರೂ ಕಲಿಸಲಾರರು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಅಲ್ಲಿನ ಹಾಜರಿಯದೇ ಒಂದು ಪುರಾಣ. ನನ್ನ ನಂಬರು 23. ಸರ್ "ಇಪ್ಪತ್ತೆರಡು" ಎನ್ನುತ್ತಿದ್ದರು. ಮೌನ. ಆಬ್ಸೆಂಟ್ ಹಾಕಿ "ಇಪ್ಪತ್ಮೂರು" ಎನ್ನುವಷ್ಟರಲ್ಲಿ 22ರ "ಎಸ್ ಸರ್" ಬಂದು ನನ್ನ ಹೆಸರಿನ ಮುಂದೆ ಬೀಳುತ್ತಿತ್ತು. ದನಿ ಹೆಣ್ಣಿನದೋ ಗಂಡಿನದೋ ಎಂದು ಗುರುತು ಹಿಡಿಯುವಂತಿರಲಿಲ್ಲ. ಅಷ್ಟು ದೂರ ಹಾದುಬಂದ ಮೇಲೆ ಎಲ್ಲ ದನಿಯೂ ಹಳೇ ರೇಡಿಯೋದ ಕರಕರವೇ. ನನ್ನ "ಎಸ್ ಸರ್" ಹೋಗಿ 24ಕ್ಕೆ ಸೇರುತ್ತಿತ್ತು. ಇದನ್ನು ಸರ್‌ಗೆ ತಿಳಿಸಬೇಕೆಂದು ಮೊದಲ ವಾರ ಅಂದುಕೊಂಡೆ. ಎರಡನೇ ವಾರ ಜೋರು ಮಳೆ ಹಿಡಿಯಿತು, ತಿಳಿಸದಿರುವುದೇ ಒಳ್ಳೆಯದೆನ್ನಿಸಿತು. ಒಲೆ ಮುಂದೆ ಕೂತು ಹಲಸಿನ ಹಪ್ಪಳ ಸುಟ್ಟು ತಿನ್ನುತ್ತಿದ್ದಾಗಲೂ ಗುಡ್ಡದಾಚೆ ಎಲ್ಲೋ ನನ್ನ ಹಾಜರಿ ಬೀಳುತ್ತಿತ್ತು. ಋಷಿಗಳಿಗೂ ಇಷ್ಟು ಸುಲಭವಾಗಿ ಏಕಕಾಲಕ್ಕೆ ಎರಡು ಕಡೆ ಇರಲು ಆಗಿರಲಿಕ್ಕಿಲ್ಲ.

ನವೆಂಬರ್ 17ಕ್ಕೆ ಕಾಲೇಜುಗಳು ತೆರೆದವು. ಕೋವಿಡ್ ಇಲ್ಲವೆಂಬ ವರದಿ, ಅಪ್ಪನ ಒಪ್ಪಿಗೆ ಪತ್ರ ಎರಡನ್ನೂ ಹಿಡಿದು ಹೋದೆ. ಇಪ್ಪತ್ತೆರಡು ವರ್ಷದವನಿಗೆ ಅಪ್ಪನ ಪತ್ರ! ನೋಟಿಸ್ ಬೋರ್ಡಿನಲ್ಲಿ ಹಾಜರಿ ಪಟ್ಟಿಯಿತ್ತು. ನನ್ನದು ಶೇಕಡಾ 92. ನನ್ನ ಮೇಲಿನ ಸಾಲಿನದು 60, ಕೆಂಪು ಶಾಯಿಯಲ್ಲಿ. ಅದೇ ಸಾಲಿನ ಮೇಲೆ ಬೆರಳಿಟ್ಟುಕೊಂಡು ಮಾಸ್ಕು ಹಾಕಿದ ಹುಡುಗಿಯೊಬ್ಬಳು ನಿಂತಿದ್ದಳು. ಸುಮ್ಮನೆ ಜಾರಿಕೊಳ್ಳಬಹುದಿತ್ತು. ಆದರೆ ಪಕ್ಕದಲ್ಲಿದ್ದ ಗೆಳೆಯ "ಲೋ ಇಪ್ಪತ್ಮೂರು!" ಎಂದು ಕೂಗಿಬಿಟ್ಟ.

ಅವಳು ತಿರುಗಿದಳು. "ಓ, ನನ್ನ ಹಾಜರಿ ಉಂಡೋರು ನೀವೇನು?"

"ನಿಮ್ಮಲ್ಲೂ ನೆಟ್‌ವರ್ಕ್ ಕಷ್ಟವಾ?" ಎಂದು ತೊದಲಿದೆ.

"ನೆಟ್‌ವರ್ಕ್ ಚೆನ್ನಾಗೇ ಐತ್ರಿ. ಫೋನು ಒಂದೇ." ಹರಪನಹಳ್ಳಿ ಕಡೆಯವಳು. ತಮ್ಮ ಹತ್ತನೇ ಕ್ಲಾಸು. ಅವನ ಕೈಯಿಂದ ಫೋನು ಕಿತ್ತುಕೊಂಡು ಮ್ಯೂಟ್ ತೆಗೆಯುವ ಹೊತ್ತಿಗೆ ಪ್ರತಿಸಲವೂ ನನ್ನ ನಂಬರು ಬಂದಿರುತ್ತಿತ್ತು.

ಇಬ್ಬರೂ ಹೋಗಿ ಸರ್‌ಗೆ ಹೇಳಿದೆವು. ಅವರು ನಕ್ಕು ತಿದ್ದಿದರು. ನನ್ನ ಅಂಕಿ ಎಲ್ಲಿಗೆ ಇಳಿಯಿತೆಂದು ಇಲ್ಲಿ ಬರೆಯುವುದು ಬೇಡ. ಹೊರಗೆ ಬಂದಮೇಲೆ, ತಪ್ಪಿಗೆ ಕ್ಯಾಂಟೀನಿನಲ್ಲಿ ಮಿರ್ಚಿ ಮಂಡಕ್ಕಿ ಕೊಡಿಸುತ್ತೇನೆಂದೆ. ಅವಳು ಬೆರಳು ಮಡಚಿ ಲೆಕ್ಕ ಹಾಕಿ, "ಹನ್ನೊಂದು ಕ್ಲಾಸು. ಅಂದ್ರೆ ಹನ್ನೊಂದು ಪ್ಲೇಟು" ಎಂದಳು.

ಏಳು ತೀರಿಸಿದ್ದೆ. 2021ರ ಏಪ್ರಿಲ್ ಕೊನೆಗೆ ಮತ್ತೆ ಲಾಕ್‌ಡೌನ್ ಆಯಿತು. ನಾಲ್ಕು ಪ್ಲೇಟು ಇನ್ನೂ ಬಾಕಿ ಇವೆ.