ಎರಡು ಅಂಕಲಿ, ಒಂದು ಎಮ್ಮೆ

ಕೃಷ್ಣೆಯ ದಂಡೆಯ ಮೇಲೆ ಅಂಕಲಿ ಎಂಬ ಊರು ಎರಡಿವೆ. ಒಂದು ಚಿಕ್ಕೋಡಿ ತಾಲೂಕಿನ ನಮ್ಮದು. ಇನ್ನೊಂದು ಹೊಳೆಯ ಮೇಲ್ಗಡೆ, ಸಾಂಗಲಿಯ ಹತ್ತಿರ, ಮಿರಜ ತಾಲೂಕಿನದು. ನಮ್ಮ ಅತ್ತೆಯನ್ನು ಅಂಕಲಿಯಿಂದ ಅಂಕಲಿಗೇ ಕೊಟ್ಟಿದ್ದರಿಂದ, ಲಗ್ನಪತ್ರಿಕೆ ಓದಿದವರು ಬೀಗರು ಪಕ್ಕದ ಓಣಿಯವರೇ ಇರಬೇಕೆಂದು ತಿಳಿದಿದ್ದರಂತೆ. ಕೊಯ್ನಾ ಡ್ಯಾಮಿನ ಬಾಗಿಲು ತೆಗೆದರೆ ನೀರು ಮೊದಲು ಅವಳೂರಿಗೆ, ಆಮೇಲೆ ನಮ್ಮೂರಿಗೆ. 2005, 2019, 2021ರ ಮಹಾಪೂರಗಳಲ್ಲಿ "ನಮ್ಮ ಪೂಲಿಗೆ ನೀರ ಹತ್ತೇತಿ, ದನಾ ಬಿಚ್ಚ್ರಿ" ಎಂದು ಟಿವಿಗಿಂತ ಮೊದಲು ಸುದ್ದಿ ಮುಟ್ಟಿಸಿದವಳು ಅವಳೇ.

ನೀರಿನ ವಿಷಯದಲ್ಲಿ ನಮ್ಮ ಕಾಕಾನಿಗೂ ಅವನ ತಂಗಿಯಾದ ಈ ಅತ್ತೆಗೂ ಜಗಳವಿಲ್ಲ. ಜಗಳವೆಲ್ಲ ಸರಕಾರಗಳದು. 2019ರಲ್ಲಿ ಪಿಎಂ ಕಿಸಾನ್ ಶುರುವಾಗಿ ವರ್ಷಕ್ಕೆ 6,000 ರೂಪಾಯಿ ಎರಡೂ ಅಂಕಲಿಗೆ ಬಂತು. ಅದೇ ವರ್ಷ ನಮ್ಮ ರಾಜ್ಯ ಸರಕಾರ ಅದರ ಮೇಲೆ ಇನ್ನೊಂದು 4,000 ಸೇರಿಸಿತು. ಅವು ಕಾಕಾನ ವೈಭವದ ದಿನಗಳು. ಕಂತು ಜಮಾ ಆದ ಮೆಸೇಜು ಬಂದ ಗಳಿಗೆಗೆ ತಂಗಿಗೆ ಫೋನು: "ಆರಾಮ ಅದೀಯೇನ? ನಿಮ್ಮ ಸರಕಾರ ಏನರ ಕೊಟ್ಟೇತೋ ಇಲ್ಲೋ?" 2023ರಲ್ಲಿ ಗ್ರಹಗತಿ ತಿರುಗಿತು. ಇಲ್ಲಿ ಆ 4,000 ನಿಂತಿತು. ಅಲ್ಲಿ 'ನಮೋ ಶೇತಕರಿ' ಎಂದು ಹೊಸದಾಗಿ 6,000 ಶುರುವಾಯಿತು. ಈಗ ಅತ್ತೆಗೆ ಅಣ್ಣನ ಆರೋಗ್ಯದ ಚಿಂತೆ ಹತ್ತಿತು. ದಿನಾ ಫೋನು. ಕಾಕಾ ಮೊಬೈಲನ್ನು ಜೋಳದ ಚೀಲದ ಹಿಂದೆ ಚಾರ್ಜಿಗೆ ಹಾಕತೊಡಗಿದ.

ಕಡೆಗೊಂದು ದಿನ ನನ್ನನ್ನು ಕರೆದು, "ಆಕೀಗಿ ಸಿಗಲಾರದ್ದು ಒಂದರ ಯೋಜನಾ ನಮ್ಮಲ್ಲಿ ಇರಬೇಕಲ್ಲೋ, ಹುಡುಕು" ಎಂದ. ಕಚೇರಿ ಕನ್ನಡವನ್ನು ಮನುಷ್ಯರ ಕನ್ನಡಕ್ಕೆ ತರುವವನೆಂದು ಮನೆಯಲ್ಲಿ ನನಗೆ ಹೆಸರಿದೆ.

ಹುಡುಕುವುದೇನೂ ಕಷ್ಟವಲ್ಲ. ಯೋಜನೆಗಳು ಬೇಕಾದಷ್ಟಿವೆ. ಅವಕ್ಕೆ ತಕ್ಕ ರೈತನಾಗುವುದೇ ಕಷ್ಟ. ಹಾಲಿನ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿ ಇದೆ, ಆದರೆ ಹಾಲು ಒಕ್ಕೂಟದ ಸಂಘಕ್ಕೆ ಹಾಕಿದವರಿಗೆ. ಕಾಕಾನ ಹಾಲು ಬೆಳಕು ಹರಿಯುವ ಮೊದಲೇ ಖಾಸಗಿ ಡೇರಿಯ ಗಾಡಿ ಹತ್ತಿ ಗಡಿ ದಾಟಿರುತ್ತದೆ. ಕೃಷಿ ಭಾಗ್ಯದ ಹೊಂಡ ಮಳೆ ನಂಬಿದ ಹೊಲಗಳಿಗೆ. ನಮ್ಮಲ್ಲಿ ಕೃಷ್ಣೆಯೇ ಆಗಸ್ಟಿನಲ್ಲಿ ಹೊಲಕ್ಕೆ ಬಂದು, ಅರ್ಜಿ ಇಲ್ಲದೆ ಹೊಂಡ ಮಾಡಿ ಹೋಗುತ್ತಾಳೆ. ಇನ್ನು 2022ರ ಚರ್ಮಗಂಟು ರೋಗದ ಪರಿಹಾರ: ಸತ್ತ ಎತ್ತಿಗೆ 30,000, ಆಕಳಿಗೆ 20,000, ಕರುವಿಗೆ 5,000. ನಾನು ಇದನ್ನು ಓದಿ ಹೇಳುತ್ತಿದ್ದಾಗ ಕಾಕು ಒಲೆಯ ಮುಂದಿನಿಂದಲೇ, "ಹಿಂಡೀಗಿ ರೊಕ್ಕ ಕೊಡ್ತಾರೇನ ಕೇಳು. ಸತ್ತ ಮ್ಯಾಲಿಂದು ಓದಬ್ಯಾಡ, ಎಮ್ಮಿ ಕೇಳಸ್ಕೊಳ್ಳತೈತಿ" ಎಂದಳು.

ಎಮ್ಮೆಗೆ ಅಂಥ ಭಯವೇನೂ ಇದ್ದಂತಿರಲಿಲ್ಲ. ಅದರ ಕಾಗದಪತ್ರ ನಮ್ಮೆಲ್ಲರಿಗಿಂತ ಚೊಕ್ಕ. ಕಿವಿಯಲ್ಲಿ ಹಳದಿ ಓಲೆ, ಓಲೆಯಲ್ಲಿ 12 ಅಂಕಿ. ನಂಬರು ಹೊಡೆದರೆ ಜಾತಿ, ವಯಸ್ಸು, ಹಾಕಿಸಿದ ಲಸಿಕೆ ಎಲ್ಲ ಬರುತ್ತದೆ. ಕಾಕಾನದೂ 12 ಅಂಕಿಯ ಆಧಾರವೇ. ಅದರಲ್ಲಿ ಅವನು ಅಪ್ಪಾಸಾಹೇಬ, ಪಾಸ್‌ಬುಕ್ಕಿನಲ್ಲಿ ಅಪ್ಪಾಸಾಬ, ಪಿಕೆಪಿಎಸ್ ಸೊಸೈಟಿಯ ಸಾಲದ ಪುಸ್ತಕದಲ್ಲಿ ಬರೀ ಅಪ್ಪಣ್ಣ. ದಂಡೆಯ ಹೊಲದ ಉತಾರದಲ್ಲಂತೂ ಅವನಿಲ್ಲವೇ ಇಲ್ಲ. ಅಲ್ಲಿ ಇನ್ನೂ ಮುತ್ಯಾನೇ ಉಳುಮೆ ಮಾಡುತ್ತಿದ್ದಾನೆ, ತೀರಿಹೋಗಿ ಎಷ್ಟೋ ವರ್ಷವಾದರೂ.

ಕಾಕಾನಿಗೆ ನಿಜವಾಗಿ ಬೇಕಾಗಿದ್ದದ್ದು ಡ್ರಿಪ್. ಹೊಳೆ ಹತ್ತಿರ, ನೀರು ಪುಕ್ಕಟೆ ಎಂದು ದಂಡೆಯ ಊರುಗಳವರು ತಲೆಮಾರುಗಟ್ಟಲೆ ಕಬ್ಬಿಗೆ ನೀರು ಕುಡಿಸಿದ್ದೇ ಕುಡಿಸಿದ್ದು. ಈಗ ಸವಳು-ಜವಳು ಎದ್ದು ಎಷ್ಟೋ ಹೊಲಗಳು ಉಪ್ಪುಗಟ್ಟಿವೆ. ಹನಿ ನೀರಾವರಿಗೆ ಸಣ್ಣ ರೈತರಿಗೆ ಶೇಕಡಾ 90 ಸಬ್ಸಿಡಿ. ಅದಕ್ಕೆ ದಂಡೆಯ ಹೊಲ ಎಫ್‌ಐಡಿಗೆ, ಅಂದರೆ ರೈತನ ಗುರುತಿನ ನಂಬರಿಗೆ, ಸೇರಬೇಕು, ಸೇರಲು ತನ್ನ ಹೆಸರಿನ ಉತಾರ ಬೇಕು, ಉತಾರಕ್ಕೆ ವಾರಸಾ ಆಗಬೇಕು, ವಾರಸಾಕ್ಕೆ ವಂಶಾವಳಿಯಲ್ಲಿದ್ದವರೆಲ್ಲ ಸಹಿ ಮಾಡಬೇಕು. ವಂಶಾವಳಿಯಲ್ಲಿ ಅತ್ತೆ ಇದ್ದಾಳೆ. ಅವಳಿಗೆ ಹೊಟ್ಟೆಕಿಚ್ಚು ಬರಿಸಬೇಕೆಂದರೆ ಮೊದಲು ಅವಳದೇ ಸಹಿ ತರಬೇಕು!

ಜೋಳದ ಚೀಲದ ಹಿಂದಿನಿಂದ ಮೊಬೈಲು ಹೊರಬಂತು. ಅತ್ತೆ ಮಾತ್ರ ದೊಡ್ಡ ಮನಸ್ಸಿನವಳು, ಮಿರಜದಿಂದ ಬಸ್ಸು ಹತ್ತಿ ಬಂದೇಬಿಟ್ಟಳು. ಕೈಯಲ್ಲಿ ಪೇಢೆಯ ಡಬ್ಬಿ, ಚೀಲದಲ್ಲಿ ಆಧಾರ ಕಾರ್ಡು. ಕಾರ್ಡು ನೋಡಿ ಕಚೇರಿಯವರು ತಲೆ ಕೆರೆದುಕೊಂಡರು. ಅವಳ ಗಂಡನ ಮನೆಯವರು ಅಲ್ಲಿನ ಪದ್ಧತಿಯಂತೆ ಲಗ್ನದಲ್ಲಿ ಅಡ್ಡಹೆಸರಿನ ಜೊತೆಗೆ ಹೆಸರನ್ನೂ ಬದಲಿಸಿದ್ದರು. ವಂಶಾವಳಿಯಲ್ಲಿ ಯಲ್ಲವ್ವ, ಆಧಾರದಲ್ಲಿ ವೈಶಾಲಿ. ನೋಟರಿಯ ಮುಂದೆ ಕೂತು, ಇಬ್ಬರೂ ಒಬ್ಬಳೇ ಎಂದು ಅಫಿಡವಿಟ್ ಬರೆಸಿದೆವು. ಕಾಕಾ ಅದನ್ನು ತಿರುವಿ ತಿರುವಿ ನೋಡಿ, "ನಮ್ಮ ಯಲ್ಲವ್ವ ಹಿಂಗ ಫೋನ್ ಮಾಡಿ ಕಾಡತಿದ್ದಿಲ್ಲ. ಇದು ವೈಶಾಲೀದ ಕೆಲಸ" ಎಂದ. ಸಹಿ ಮಾಡುತ್ತಿದ್ದ ಅತ್ತೆ ಪೆನ್ನು ಎತ್ತಿಬಿಟ್ಟಳು. ಪೆನ್ನು ಮತ್ತೆ ಕಾಗದಕ್ಕೆ ಇಳಿಯಲು ಕಾಕುವಿಗೆ ಒಂದು ಇಳಕಲ್ ಸೀರೆಯ ಖರ್ಚಾಯಿತು. ಅದಕ್ಕೆ ಸಬ್ಸಿಡಿ ಇಲ್ಲ.

ವಾರಸಾದ ಕಾಗದ ಮೇಜಿನಿಂದ ಮೇಜಿಗೆ ನಡೆಯುತ್ತಿದ್ದಾಗ ಕಾಕಾ ಸುಮ್ಮನೆ ಕೂಡಲಿಲ್ಲ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಎಂಬುದು 2011ರಿಂದ ಇದೆ. ಕಡಿಮೆ ದರಕ್ಕೆ ಸಸಿ ಕೊಡುತ್ತಾರೆ. ಬದುಕಿದ ಸಸಿಗೆ ಮೊದಲ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50 ರೂಪಾಯಿ. ನಾನು ತಂದ ಪಟ್ಟಿಯಲ್ಲಿ ಬದುಕಿದ್ದಕ್ಕೆ ದುಡ್ಡು ಕೊಡುವ ಯೋಜನೆ ಇದೊಂದೇ ಎಂದು ಕಾಕು ಒಪ್ಪಿಗೆ ಕೊಟ್ಟಳು. ಕಾಕಾ ಹೊಲದ ಬದುವಿಗೆ ಹೆಬ್ಬೇವು ಹಚ್ಚಿದ, ಸಸಿಗಳ ನಡುವೆ ನಿಂತು ಫೋಟೋ ತೆಗೆಸಿ ತಂಗಿಗೆ ಕಳಿಸಿದ. ಆ ಸಂಭ್ರಮದಲ್ಲಿ ಎಮ್ಮೆಯ ಕಣ್ಣಿ ಯಾರು ಕಟ್ಟಿದರೋ, ಕಟ್ಟಲಿಲ್ಲವೋ. ಸಂಜೆಗೆ ನೋಡಿದರೆ ಪಶುಪಾಲನಾ ಇಲಾಖೆ ಅರಣ್ಯ ಇಲಾಖೆಯನ್ನು ಬದುವಿನ ಈ ತುದಿಯಿಂದ ಆ ತುದಿವರೆಗೆ ಮೇಯ್ದಿತ್ತು. ಮರುದಿನ ಹಾಲು ಮಾತ್ರ ಗಟ್ಟಿ ಬಂತು. ಅದೂ ಗಡಿ ದಾಟಿ ಹೋಯಿತು.

ಬುಡ ಉಳಿದಿದ್ದ ಕೆಲವು ಹೇಗೋ ಚಿಗುರಿದವು. ಸಸಿ ಎಣಿಸಲು ಗಾರ್ಡು ಬಂದ. ಕಾಕಾ ಅವನ ಹಿಂದೆಯೇ ಬಗ್ಗಿ ನಡೆಯುತ್ತ, ಮೊಳಕಾಲುದ್ದದ ಮೋಟುಗಳ ಪಕ್ಕದ ಎರಡೆಲೆ, ಮೂರೆಲೆಗಳನ್ನು ಬೆರಳಿನಿಂದ ಎತ್ತಿ ತೋರಿಸಿದ: "ಜೀವ ಐತ್ರಿ. ಇದಕ್ಕೂ ಐತ್ರಿ. ಇದು ಮಲಕೊಂಡೈತ್ರಿ, ಏಳತೈತಿ." ಗಾರ್ಡು ಎದ್ದವನ್ನಷ್ಟೇ ಬರೆದುಕೊಂಡು, ಇಷ್ಟೆಲ್ಲ ತಿಂದದ್ದು ಯಾರು ಎಂದು ಕೇಳಿದ. ಬೇವಿನ ಗಿಡದ ಕೆಳಗೆ ಮೆಲುಕು ಹಾಕುತ್ತಿದ್ದ ಎಮ್ಮೆ ಕಿವಿ ಅಲ್ಲಾಡಿಸಿತು. ಕಾಕಾ ಅದಕ್ಕೆ ಬೆನ್ನು ಮಾಡಿ ಅಡ್ಡ ನಿಂತ.

"ಯಾರಂತ ಹೇಳೂದ್ರಿ ಸಾಹೇಬ್ರ? ಎಮ್ಮಿಗಿ ಓಲಿ ಹಾಕ್ಯಾರ, ಅದು ಯಾರದಂತ ಗೊತ್ತಾಗತೈತಿ. ಗಿಡಕ್ಕೂ ಒಂದೊಂದು ಹಾಕಸ್ರಿ, ಯಾರ ಹೊಟ್ಯಾಗ ಅದಾವಂತನೂ ಗೊತ್ತಾಗ್ಲಿ."