ಅನುಮಾನದ ಫೀಜು

ಸೀರೆಯ ಅಂಗಡಿಯವರು ಆಷಾಢದ ರಿಯಾಯಿತಿಯನ್ನು ಊರಿನ ಗೋಡೆಗೋಡೆಯ ಮೇಲೂ ಘೋಷಿಸಬಹುದು. ಮೂಲವ್ಯಾಧಿಯ ಪಂಡಿತರು ಬಸ್ಸಿನ ಹಿಂಬದಿಯಿಂದ ನಮ್ಮನ್ನು ಕೈಬೀಸಿ ಕರೆಯಬಹುದು. ಜ್ಯೋತಿಷಿಗಳಂತೂ ಬೆಳಗಿನ ಕಾಫಿಯ ಹೊತ್ತಿಗೆ ದೂರದರ್ಶನದಲ್ಲಿ ಪ್ರತ್ಯಕ್ಷರಾಗಿ ನಾವು ಕೇಳದೆಯೇ ನಮ್ಮ ಗ್ರಹಗತಿಯನ್ನು ತಿಳಿಸಬಹುದು. ಆದರೆ ವಕೀಲರಾದವರು ತಮ್ಮ ವಿದ್ಯೆಯನ್ನು ತಾವು ಹೊಗಳಿಕೊಳ್ಳುವಂತಿಲ್ಲ. ಭಾರತೀಯ ವಕೀಲರ ಪರಿಷತ್ತಿನ 36ನೆಯ ನಿಯಮವು ಅವರಿಗೆ ಜಾಹೀರಾತನ್ನು ನಿಷೇಧಿಸಿರುವುದಲ್ಲದೆ, ಅವರ ಬಾಗಿಲಿನ ನಾಮಫಲಕ ಕೂಡ ಮಿತವಾದ ಗಾತ್ರದ್ದಾಗಿರತಕ್ಕದ್ದೆಂದು ವಿಧಿಸಿದೆ. ವೃತ್ತಿಯ ಘನತೆಗೆ ಇದು ಎಷ್ಟು ಶೋಭೆಯೋ, ವಕೀಲರನ್ನು ಹುಡುಕಿಕೊಂಡು ಹೊರಟ ಬಡ ಗೃಹಸ್ಥನಿಗೆ ಅಷ್ಟೇ ಸಂಕಟ.

ಮೈಸೂರಿನಲ್ಲಿ ಒಂದು ಹಳೆಯ ಮನೆಯನ್ನು ಕೊಳ್ಳುವುದೆಂದು ನಮ್ಮಲ್ಲಿ ನಿಶ್ಚಯವಾದಾಗ ಈ ಸಂಕಟ ನನ್ನ ಪಾಲಿಗೂ ಬಂದಿತು. ನಿಯಮಾವಳಿಯು ವಕೀಲರ ಬಾಯನ್ನು ಕಟ್ಟಿದೆಯೇ ಹೊರತು ಅವರ ಕಕ್ಷಿದಾರರ ಬಾಯನ್ನಲ್ಲ. ಆದುದರಿಂದ ಬಂಧುಮಿತ್ರರಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ವಕೀಲರ ಪ್ರತಾಪವನ್ನು ವರ್ಣಿಸತೊಡಗಿದರು. ಒಬ್ಬರ ವಕೀಲರು ಪಾಟೀಸವಾಲಿನಲ್ಲಿ ಎದುರು ಸಾಕ್ಷಿಯನ್ನು ಅಳಿಸಿಯೇ ಕಳುಹಿಸುವವರು; ಇನ್ನೊಬ್ಬರ ವಕೀಲರು ಹೊಡೆದಾಟದ ಮೊಕದ್ದಮೆಯಲ್ಲಿ ಹೊಡೆದವನಿಗೇ ಪರಿಹಾರ ಕೊಡಿಸಿದವರು; ಮತ್ತೊಬ್ಬರು ಧ್ವನಿವರ್ಧಕದ ಹಂಗಿಲ್ಲದೆ ಮೂರು ಕೋರ್ಟ್ ಹಾಲುಗಳಿಗೆ ಕೇಳಿಸಬಲ್ಲವರು. ನನಗೆ ಬೇಕಾಗಿದ್ದುದಾದರೋ ಗಟ್ಟಿಯಾಗಿ ಮಾತನಾಡುವವರಲ್ಲ, ಮೆಲ್ಲಗೆ ಓದುವವರು. ಅಂಥವರ ಕೀರ್ತಿ ಹಬ್ಬದೆ ಇರುವುದಕ್ಕೆ ಕಾರಣವೂ ಇದೆ: ಪತ್ರಗಳನ್ನು ಚೆನ್ನಾಗಿ ಓದಿದ ವಕೀಲರ ಕೆಲಸಕ್ಕೆ ಫಲವೆಂದರೆ ಮುಂದೆ ಹುಟ್ಟಬೇಕಾಗಿದ್ದ ವ್ಯಾಜ್ಯವು ಹುಟ್ಟದೆಯೇ ಹೋಗುವುದು; ಹುಟ್ಟದ ವ್ಯಾಜ್ಯದ ಕಥೆಯನ್ನು ಮದುವೆಯ ಮನೆಯ ಪಂಕ್ತಿಯಲ್ಲಿ ಕುಳಿತು ಹೇಳುವವರು ಯಾರು?

ನಮ್ಮ ದಲ್ಲಾಳಿಯ ಮತವಾದರೋ ವಕೀಲರೇ ಬೇಡವೆಂದು. “ಪೇಪರ್ ಎಲ್ಲಾ ಪಕ್ಕಾ ಸಾರ್. ಬೇಕೇ ಬೇಕು ಅಂದ್ರೆ ನಮ್ಮ ಕಡೆಯೋರು ಒಬ್ರು ಇದಾರೆ, ಎರಡು ಪಾರ್ಟಿಗೂ ಒಬ್ರೇ ಸಾಕು” ಎಂದು ಅವನು ನಮ್ಮನ್ನು ಕರೆದುಕೊಂಡು ಹೋದ ಮಹನೀಯರು ಫೋನಿನಲ್ಲಿ ಬೇರಾರೊಡನೆಯೋ ಮಾತನಾಡುತ್ತಲೇ ನಮ್ಮ ಕಡತದ ಹಾಳೆಗಳನ್ನು ಹೆಬ್ಬೆರಳಿನಿಂದ ಸರಸರನೆ ಉದುರಿಸಿ, “ಫಸ್ಟ್ ಕ್ಲಾಸಾಗಿದೆ, ಅಡ್ವಾನ್ಸ್ ಕೊಟ್ಟುಬಿಡಿ” ಎಂದು ಅಪ್ಪಣೆ ಕೊಡಿಸಿದರು. ಅವರು ತರಿಸಿಕೊಟ್ಟ ಬಾದಾಮಿ ಹಾಲು ನಿಜಕ್ಕೂ ಚೆನ್ನಾಗಿತ್ತು. ನನ್ನಾಕೆ ಇಂದಿಗೂ ಅವರನ್ನು ಗೌರವದಿಂದಲೇ ಸ್ಮರಿಸುತ್ತಾಳೆ.

ಕೊನೆಗೆ ನಾನು ಹಿಡಿದವರು ಚಾಮರಾಜಪುರದ ಹಳೆಯ ಹೆಂಚಿನ ಮನೆಯೊಂದರ ಹಜಾರದಲ್ಲಿ ಕುಳಿತಿದ್ದ ವೃದ್ಧ ವಕೀಲರನ್ನು. ಅವರ ನಾಮಫಲಕದಲ್ಲಿ ಅರ್ಧ ಅಕ್ಷರಗಳು ಮಳೆಗೆ ಅಳಿಸಿಹೋಗಿದ್ದುವಾದುದರಿಂದ 36ನೆಯ ನಿಯಮದ ಪಾಲನೆ ಅಲ್ಲಿ ಅಗತ್ಯಕ್ಕಿಂತ ಹೆಚ್ಚಾಗಿಯೇ ನಡೆದಿತ್ತು. ನಾನು ಮುಂದಿಟ್ಟ ಜೆರಾಕ್ಸ್ ಪ್ರತಿಗಳನ್ನು ಅವರು ಮುಟ್ಟಲೂ ಇಲ್ಲ. “ಅಸಲು ತನ್ನಿ ಸ್ವಾಮಿ, ನೆರಳು ನೋಡಿ ಅಭಿಪ್ರಾಯ ಬರೆಯುವ ಅಭ್ಯಾಸ ನನಗಿಲ್ಲ” ಎಂದರು. ನನ್ನಾಕೆಯು ಆ ಮನೆಯ ಗಾಳಿಬೆಳಕನ್ನೂ, ಹಿತ್ತಿಲಿನ ಸಂಪಿಗೆ ಮರವನ್ನೂ, ಮಹಡಿಯಿಂದ ಕಾಣುವ ಚಾಮುಂಡಿ ಬೆಟ್ಟವನ್ನೂ ಬಣ್ಣಿಸಿ, ತಾವೊಮ್ಮೆ ಬಂದು ನೋಡಬೇಕೆಂದು ಪ್ರಾರ್ಥಿಸಿದಾಗ ಅವರು ಕನ್ನಡಕವನ್ನು ತೆಗೆದು ಒರೆಸುತ್ತ, “ನಾನು ಮನೆ ನೋಡುವುದಿಲ್ಲ ತಾಯಿ. ನೋಡಿದರೆ ಇಷ್ಟವಾಗಿಬಿಡುತ್ತದೆ” ಎಂದರು. ಇವರೇ ನಮಗೆ ತಕ್ಕವರೆಂದು ನಾನು ಆ ಕ್ಷಣದಲ್ಲಿಯೇ ಮನಸ್ಸಿನಲ್ಲಿ ವಕಾಲತ್ತಿಗೆ ಸಹಿ ಹಾಕಿದೆನು.

ಫೀಜಿನ ಮಾತೂ ಅಲ್ಲಿಯೇ ತೀರ್ಮಾನವಾಯಿತು. “ನೀವು ಕೊಂಡರೂ ಇಷ್ಟೇ, ಕೊಳ್ಳದಿದ್ದರೂ ಇಷ್ಟೇ” ಎಂದು ಅವರು ಹೇಳಿದ ಮೊತ್ತವು ದಲ್ಲಾಳಿಯ ಕಮಿಷನ್ನಿನ ಮುಂದೆ ತೃಣಸಮಾನವಾಗಿತ್ತು. ಈ ಮಾತನ್ನು ನಾನು ಆಮೇಲೆ ಬಹಳ ಹೊತ್ತು ಮೆಲುಕು ಹಾಕಿದ್ದೇನೆ. ಮಾರುವವನಿಗೆ ಹಣ ಬರುವುದು ನಾವು ಕೊಂಡರೆ. ದಲ್ಲಾಳಿಗೆ ಕಮಿಷನ್ನು ಸಲ್ಲುವುದು ನಾವು ಕೊಂಡರೆ. ಬ್ಯಾಂಕಿಗೆ ಬಡ್ಡಿ, ಸರ್ಕಾರಕ್ಕೆ ಮುದ್ರಾಂಕ ಶುಲ್ಕ, ಪುರೋಹಿತರಿಗೆ ಗೃಹಪ್ರವೇಶದ ದಕ್ಷಿಣೆ, ಬಂಧುಗಳಿಗೆ ಹೋಳಿಗೆಯ ಊಟ, ಎಲ್ಲವೂ ನಾವು ಕೊಂಡರೆ ಮಾತ್ರ. ನಾವು ಕೊಳ್ಳುವುದರಲ್ಲಿ ಲಾಭವೂ, ಬಿಡುವುದರಲ್ಲಿ ನಷ್ಟವೂ ಇಲ್ಲದ ಜೀವ ಈ ಮಹಾಕಾರ್ಯದಲ್ಲಿ ಅದೊಂದೇ. ಹೀಗಿರಲು ಅವರು ಹುಬ್ಬುಗಂಟಿಕ್ಕಿದರೆ ಅದಕ್ಕೆ ಬೆಲೆ ಕಟ್ಟಲಾಗದೆಂದು ನಾನೂ, ಹುಬ್ಬುಗಂಟಿಕ್ಕುವುದಕ್ಕೂ ದುಡ್ಡು ಕೊಡಬೇಕೇ ಎಂದು ನನ್ನಾಕೆಯೂ ವಾದಿಸಿದೆವು.

ಅವರ ಅನುಮಾನಕ್ಕೆ ಶಾಸ್ತ್ರಾಧಾರವೂ ಇತ್ತೆನ್ನಿ. ನೂರು ರೂಪಾಯಿಯೂ ಅದಕ್ಕೆ ಮೇಲ್ಪಟ್ಟೂ ಬೆಲೆಯುಳ್ಳ ಸ್ಥಿರಾಸ್ತಿಯ ಕ್ರಯವು ನೋಂದಣಿಯಾಗಲೇಬೇಕೆಂದು 1882ರ ಸ್ವತ್ತು ವರ್ಗಾವಣೆ ಕಾಯಿದೆ ಹೇಳುತ್ತದೆ. ಈಗ ನಮ್ಮ ಮೈಸೂರಿನಲ್ಲಿ ನೂರು ರೂಪಾಯಿಗೆ ತುಳಸಿಯ ಕುಂಡಕ್ಕೆ ಹಾಕುವ ಮಣ್ಣು ದೊರೆತರೆ ಪುಣ್ಯ. ನೋಂದಣಿಯಾಯಿತೆಂದರೆ ಸರ್ಕಾರವೇ ನಮ್ಮ ಹಕ್ಕಿಗೆ ಜಾಮೀನು ನಿಂತಿತೆಂದು ಬಹುಮಂದಿ ಸಜ್ಜನರ ನಂಬಿಕೆ. ವಾಸ್ತವದಲ್ಲಿ 1908ರ ನೋಂದಣಿ ಕಾಯಿದೆಯು ದಾಖಲು ಮಾಡಿಕೊಳ್ಳುವುದು ಪತ್ರವನ್ನೇ ಹೊರತು ಹಕ್ಕನ್ನಲ್ಲ. ಬರೆದುಕೊಟ್ಟವನು ಇವನೇ ಹೌದೇ, ಸಹಿ ಇವನದೇ ಹೌದೇ, ಮುದ್ರಾಂಕ ಶುಲ್ಕ ಸಂದಿದೆಯೇ ಎಂಬುದನ್ನು ಅಲ್ಲಿ ವಿಚಾರಿಸುತ್ತಾರೆ. ಮಾರುವುದಕ್ಕೆ ಇವನಿಗೆ ಅಧಿಕಾರವುಂಟೇ ಎಂಬ ಚಿಕ್ಕ ಪ್ರಶ್ನೆಯನ್ನು ಕೊಳ್ಳುವವನ ವಿವೇಚನೆಗೆ ಬಿಟ್ಟಿದ್ದಾರೆ. ಖಾತೆಯೂ ಅಷ್ಟೆ: ಅದು ಕಂದಾಯ ಕಟ್ಟುವವರ ಹೆಸರನ್ನು ಸಾರುತ್ತದೆ, ಒಡೆಯರ ಹೆಸರನ್ನೇ ಸಾರಬೇಕೆಂಬ ನಿಯಮವಿಲ್ಲ.

ಅಸಲು ಪತ್ರಗಳು ಬಂದ ದಿನ ಅವುಗಳ ಪಾರಾಯಣ ಆರಂಭವಾಯಿತು. ನಿವೇಶನವು ಮೂಲದಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಲಿಯದು. ಮೈಸೂರಿನಲ್ಲಿ 1903ರಲ್ಲಿಯೇ ಸ್ಥಾಪನೆಯಾಗಿ, ಊರಿನ ಬಡಾವಣೆಗಳನ್ನು ಗೆರೆ ಎಳೆದಂತೆ ನಿರ್ಮಿಸಿದ ಆ ಮಂಡಲಿಯ ಪತ್ರವನ್ನು ಕಂಡು ವಕೀಲರ ಮುಖ ಕೊಂಚ ಸಡಿಲಿತು. ಮಂಡಲಿಯ ಕ್ರಯಪತ್ರವನ್ನು ನನ್ನ ಕೈಗೆ ಕೊಟ್ಟು, ಮಾರುವವರ ವಿಭಾಗ ಪತ್ರವನ್ನು ತಾವು ಹಿಡಿದುಕೊಂಡು, “ಚಕ್ಕುಬಂದಿ ಓದಿ” ಎಂದರು.

“ಪೂರ್ವಕ್ಕೆ ರಸ್ತೆ” ಎಂದೆ.

“ಇಲ್ಲಿ ಪಶ್ಚಿಮಕ್ಕೆ ರಸ್ತೆ. ಮುಂದೆ?”

“ಪಶ್ಚಿಮಕ್ಕೆ ಬೇರೊಬ್ಬರ ನಿವೇಶನ.”

“ಇಲ್ಲಿ ಪೂರ್ವಕ್ಕೆ ಅದು.” ಅವರು ಪತ್ರವನ್ನು ಮೇಜಿನ ಮೇಲಿಟ್ಟು, ಪೆನ್ಸಿಲಿನಿಂದ ಅಂಚಿನಲ್ಲಿ ಒಂದು ಸಣ್ಣ ಗೀಟು ಹಾಕಿ, “ಅಣ್ಣತಮ್ಮಂದಿರು ಭಾಗ ಮಾಡಿಕೊಂಡ ದಿನದಿಂದ ಕಾನೂನಿನ ಪ್ರಕಾರ ಈ ಮನೆಗೆ ಪಕ್ಕದವರ ಹಿತ್ತಿಲಿನ ಗೋಡೆ ಹಾರಿಯೇ ಹೋಗಬೇಕು” ಎಂದರು. ಬೆರಳಚ್ಚಿನವನೊಬ್ಬನ ಮಧ್ಯಾಹ್ನದ ತೂಕಡಿಕೆಯಿಂದ ಎರಡು ಅಂತಸ್ತಿನ ಕಟ್ಟಡವೊಂದು ಮಗ್ಗುಲು ಬದಲಿಸಿ ಮಲಗಿದ್ದಿತು. ತಿದ್ದುಪಡಿ ಪತ್ರವೊಂದನ್ನು ಬರೆಯಿಸಿ ನೋಂದಾಯಿಸಿದರೆ ಸರಿಹೋಗುವುದೆಂದು ಅವರು ಸಮಾಧಾನ ಹೇಳಿದರಾದರೂ, ಪೂರ್ವದ ಬಾಗಿಲೆಂಬ ಕಾರಣಕ್ಕೇ ಚದರಡಿಗೆ ಇಷ್ಟೆಂದು ಹೆಚ್ಚು ತೆರಲೊಪ್ಪಿದ್ದ ನನ್ನಾಕೆ, “ವಾಸ್ತುವಿಗೆ ಯಾವ ಪತ್ರ ಲೆಕ್ಕ?” ಎಂದು ಕೇಳಿದ ಪ್ರಶ್ನೆಗೆ ಮಾತ್ರ ಅವರ ಗ್ರಂಥಗಳಲ್ಲಿ ಉತ್ತರವಿರಲಿಲ್ಲ.

ಆದರೆ ನಿಜವಾದ ಗೀಟು ಬಿದ್ದುದು ಬೇರೆ ಕಡೆ. ಮಾರುವವರು ಸಾತ್ವಿಕರು, ನಿವೃತ್ತರು, ಮನೆಗೆ ಹೋದರೆ ಕೋಡುಬಳೆಯಿಲ್ಲದೆ ಕಳುಹಿಸದವರು. ಅವರನ್ನು ಎದುರಿಗೆ ಕೂರಿಸಿಕೊಂಡು ವಕೀಲರು ಕೇಳಿದ ಮೊದಲ ಮಾತು, “ನಿಮ್ಮ ತಂದೆಯವರಿಗೆ ಮಕ್ಕಳೆಷ್ಟು ಮಂದಿ?” ಎಂದು.

“ನಾನು, ನನ್ನ ತಮ್ಮ.”

“ನಾನು ಗಂಡುಮಕ್ಕಳೆಷ್ಟು ಅಂತ ಕೇಳಲಿಲ್ಲ.”

“ಓ, ಒಬ್ಬ ತಂಗಿ ಇದ್ದಾಳೆ, ಅರಸೀಕೆರೆಗೆ ಕೊಟ್ಟಿದ್ದೇವೆ. ಅವಳಿಗೆ ಮದುವೆಯಲ್ಲೇ ಎಲ್ಲಾ ಕೊಟ್ಟಾಯಿತು. ಬೆಳ್ಳಿ ಚೊಂಬು, ಬೀರು, ಅಳಿಯನಿಗೆ ಸ್ಕೂಟರು…”

“ಸ್ವಾಮಿ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆಗೆ ಸ್ಕೂಟರು ಗೊತ್ತಿಲ್ಲ. ತಂದೆ ಸ್ವಂತ ದುಡಿಮೆಯಿಂದ ಮಾಡಿದ ಮನೆ, ಉಯಿಲು ಬರೆಯದೆ ಹೋಗಿದ್ದಾರೆ, ತಾಯಿಯೂ ಇಲ್ಲ. ಮೂರು ಮಕ್ಕಳು, ಮೂರು ಸಮಭಾಗ. ಆಕೆ ಸಹಿ ಇಲ್ಲದೆ ನೀವಿಬ್ಬರು ಮಾಡಿಕೊಂಡ ವಿಭಾಗ ಆಕೆಯನ್ನು ಕಟ್ಟುವುದಿಲ್ಲ.”

ಕೋಡುಬಳೆಯ ಆ ಮನೆಯಲ್ಲಿ ಅಂದಿನಿಂದ ನಮಗೆ ಬರಿಯ ನೀರು. ತಂಗಿಯ ಹೆಸರನ್ನು ವಂಶವೃಕ್ಷದಲ್ಲಿ ಬರೆಯುವುದಕ್ಕೆ ಅಣ್ಣನ ಕೈ ಓಡಲಿಲ್ಲವೆಂದಲ್ಲ. ರಾಖಿ ಕಟ್ಟಿಸಿಕೊಂಡು, ಗೌರಿ ಹಬ್ಬಕ್ಕೆ ತಪ್ಪದೆ ಬಾಗಿನ ಕಳುಹಿಸುತ್ತಿದ್ದ ಮನುಷ್ಯ ಅವರು. ಪ್ರೀತಿಗೆ ಕೊರತೆಯಿರಲಿಲ್ಲ, ಅಂಕಗಣಿತದಲ್ಲಿ ಎರಡರಿಂದ ಭಾಗಿಸುತ್ತಿದ್ದುದನ್ನು ಮೂರರಿಂದ ಭಾಗಿಸುವುದು ಮಾತ್ರ ಈ ವಯಸ್ಸಿನಲ್ಲಿ ಕಷ್ಟವಾಯಿತು. ದಲ್ಲಾಳಿಯಂತೂ ದಿನಕ್ಕೊಮ್ಮೆ ಫೋನು ಮಾಡಿ, “ಬೇರೆ ಪಾರ್ಟಿ ಕ್ಯಾಷ್ ಇಟ್ಕೊಂಡು ಕಾಯ್ತಾ ಇದಾರೆ ಸಾರ್, ನಿಮ್ಮ ಲಾಯರ್ ಡೀಲ್ ಕೆಡಿಸ್ತಾ ಇದಾರೆ” ಎಂದು ಗೋಳಾಡಿದ. ಆ ಬೇರೆ ಪಾರ್ಟಿಯನ್ನು ಕಣ್ಣಾರೆ ಕಂಡವರು ಈ ಭೂಮಂಡಲದಲ್ಲಿ ಇದುವರೆಗೆ ಹುಟ್ಟಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಈ ನಡುವೆ ಋಣಭಾರ ಪತ್ರ ಬಂದಿತು. ಭಾರವಿದ್ದರೆ 15ನೆಯ ನಮೂನೆ, ನಿಲ್ ಇದ್ದರೆ 16ನೆಯದು. ನಮಗೆ ಬಂದುದು 15. ತೀರಿಕೊಂಡ ತಂದೆಯವರು ಎಂದೋ ಒಂದು ಸಹಕಾರ ಸಂಘಕ್ಕೆ ಮನೆಯನ್ನು ಆಧಾರ ಮಾಡಿ, ಸಾಲವನ್ನು ಕಂತಿಗೆ ತಪ್ಪದೆ ತೀರಿಸಿ, ತೀರುವಳಿಯನ್ನು ನೋಂದಾಯಿಸುವುದನ್ನು ಮಾತ್ರ ಮರೆತಿದ್ದರು. ಕಾಲಮಿತಿ ಕಾಯಿದೆಯ ದೃಷ್ಟಿಯಲ್ಲಿ ಅದು ಎಂದೋ ಸತ್ತ ಸಾಲ. “ಆದರೆ ಬ್ಯಾಂಕಿನ ಗುಮಾಸ್ತ ಕಾಲಮಿತಿ ಓದುವುದಿಲ್ಲ ಸ್ವಾಮಿ, ನಮೂನೆ ಓದುತ್ತಾನೆ” ಎಂದು ವಕೀಲರು ಸಂಘದಿಂದ ಪತ್ರ ತರಿಸಿಯೇ ಬಿಟ್ಟರು. ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆಯನ್ನೂ ಕೊಡಿಸಿದರು. ತಕರಾರುಳ್ಳವರು ಏಳು ದಿನಗಳೊಳಗೆ ತಿಳಿಸಬೇಕೆಂಬ ಆ ಪ್ರಕಟಣೆಗೆ ತಕರಾರು ಒಂದೂ ಬರಲಿಲ್ಲ, ಇದಕ್ಕಿಂತ ಒಳ್ಳೆಯ ಮನೆಗಳನ್ನು ತೋರಿಸುವೆವೆಂಬ ದಲ್ಲಾಳಿಗಳ ಕರೆಗಳು ಹೇರಳವಾಗಿ ಬಂದುವು.

ಕ್ರಯಪತ್ರದ ಕರಡು ಸಿದ್ಧವಾದಾಗ ನನಗೆ ಪರಮಾನಂದವಾಯಿತು. ಇಷ್ಟು ದಿನ ಶುಷ್ಕವಾಗಿದ್ದ ಆ ವೃದ್ಧರು ಇಲ್ಲಿ ವಿಜಯನಗರದ ಶಾಸನಕವಿಗಳ ಮನೆತನದವರಾಗಿಬಿಟ್ಟಿದ್ದರು. ಸಂಪಿಗೆ ಮರವೊಂದುಳ್ಳ ನಲವತ್ತು ಅರವತ್ತರ ಆ ನಿವೇಶನವನ್ನು ನಾನು ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯಗಳೆಂಬ ಅಷ್ಟಭೋಗ ತೇಜಸ್ವಾಮ್ಯ ಸಹಿತವಾಗಿ, ಪುತ್ರಪೌತ್ರ ಪಾರಂಪರ್ಯವಾಗಿ ಅನುಭವಿಸತಕ್ಕದ್ದೆಂದಿತ್ತು. ರಾಜಮಹಾರಾಜರು ಅಗ್ರಹಾರಗಳನ್ನು ದಾನ ಮಾಡುವಾಗ ಕಲ್ಲಿನಲ್ಲಿಯೂ ತಾಮ್ರದಲ್ಲಿಯೂ ಕೆತ್ತಿಸಿದ ಮಾತುಗಳು ಮುದ್ರಾಂಕ ಶುಲ್ಕ ತೆತ್ತ ಮಾತ್ರಕ್ಕೆ ನನ್ನಂಥವನಿಗೂ ಒಲಿದುವಲ್ಲಾ ಎಂದು ನಾನು ಪುಳಕಿತನಾದರೆ, ನನ್ನಾಕೆಯು ಜಲವೆಂದಿರುವುದರಲ್ಲಿ ವಾಣಿವಿಲಾಸ ನೀರು ಸರಬರಾಜಿನ ನಲ್ಲಿಯೂ ಸೇರಿದೆಯೇ, ಅದು ದಿನ ಬಿಟ್ಟು ದಿನ ಬರುವುದೇ, ಅದನ್ನೂ ಬರೆಯಿಸಬಾರದೇ ಎಂದು ಕೇಳಿದಳು. ನಿಧಿಯ ವಿಷಯದಲ್ಲಿ ವಕೀಲರೇ ನನ್ನ ಉತ್ಸಾಹಕ್ಕೆ ತಣ್ಣೀರೆರಚಿದರು: ಅಗೆಯುವಾಗ ಏನಾದರೂ ಸಿಕ್ಕಿದರೆ ಸರ್ಕಾರಕ್ಕೆ ತಿಳಿಸದೆ ಇಟ್ಟುಕೊಳ್ಳುವಂತಿಲ್ಲ, ಅದಕ್ಕೂ ಒಂದು ಕಾಯಿದೆಯುಂಟು. “ಹಾಗಾದರೆ ನಿಧಿ ಎಂದೇಕೆ ಬರೆದಿರಿ?” ಎಂದೆ. “ನಮ್ಮ ತಂದೆ ಬರೆಯುತ್ತಿದ್ದರು” ಎಂದರು. ತಮ್ಮ ಸಂಶಯಪ್ರಜ್ಞೆಯಿಂದ ಅವರು ವಿನಾಯಿತಿ ಕೊಟ್ಟಿದ್ದುದು ಈ ಒಂದು ವಾಕ್ಯಕ್ಕೆ ಮಾತ್ರವೆಂದು ತೋರುತ್ತದೆ.

ನೋಂದಣಿಯ ದಿನ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಎಲ್ಲರೂ ಸೇರಿದೆವು. ಟೋಕನ್ನಿಗೆ ಕಾದು, ಸರ್ವರಿನ ಕೃಪೆಗೆ ಕಾದು, ಕ್ಯಾಮೆರಾದ ಮುಂದೆ ಅಪರಾಧಿಗಳಂತೆ ಮುಖ ಕೊಟ್ಟು, ಗಾಜಿನ ಮೇಲೆ ಹೆಬ್ಬೆರಳನ್ನೊತ್ತಿ ಹೊರಗೆ ಬಂದಾಗ ಮೂರು ಗಂಟೆ ದಾಟಿತ್ತು. ಅರಸೀಕೆರೆಯ ತಂಗಿ ತಮ್ಮ ಪಾಲಿನ ಡಿಮಾಂಡ್ ಡ್ರಾಫ್ಟನ್ನು ಕಣ್ಣಿಗೊತ್ತಿಕೊಂಡು ಅಣ್ಣನ ಕಾಲಿಗೆ ನಮಸ್ಕರಿಸಿದರು. ಅಣ್ಣನೂ ಕರಗಿ, ತಲೆ ಮುಟ್ಟಿ, “ಮಕ್ಕಳ ಹೆಸರಿಗೆ ಬ್ಯಾಂಕಿನಲ್ಲಿಡಮ್ಮಾ” ಎಂದರು. ಆಕೆ ಸರಿಯೆಂದು ತಲೆಯಾಡಿಸಿ, ನೇರವಾಗಿ ನಮ್ಮ ವಕೀಲರ ಬಳಿಗೆ ಬಂದು ಬ್ಯಾಗಿನಿಂದ ಕಡತವೊಂದನ್ನು ತೆಗೆದರು.

“ನಮ್ಮೂರಲ್ಲಿ ಒಂದು ಸೈಟು ನೋಡಿದ್ದೇವೆ ಸಾರ್. ನನ್ನ ಹೆಸರಿಗೇ. ಅಸಲು ತಂದಿದ್ದೀನಿ. ಅವರ ಅಪ್ಪನಿಗೆ ಐದು ಜನ ಮಕ್ಕಳು, ಹೆಣ್ಣುಮಕ್ಕಳನ್ನೂ ಸೇರಿಸಿಯೇ ಹೇಳ್ತಿದ್ದೀನಿ. ಒಬ್ಬಾಕೆ ದುಬೈನಲ್ಲಿದ್ದಾರಂತೆ. ಅವರೇ ಬಂದು ಸಹಿ ಹಾಕಬೇಕೋ, ಮುಕ್ತ್ಯಾರು ಪತ್ರ ಸಾಕೋ?”

ವಕೀಲರು ಕನ್ನಡಕವನ್ನು ಏರಿಸಿಕೊಂಡು, ಅಲ್ಲಿಯೇ ಬೇವಿನ ಮರದ ಕಟ್ಟೆಯ ಮೇಲೆ ಕುಳಿತು, “ಚಕ್ಕುಬಂದಿ ಓದಿ ತಾಯಿ” ಎಂದರು.