ಧಕ್ಕಾರಸ ನಿರೂಪಣೆ

ಭರತಮುನಿಯು ಎಂಟು ರಸಗಳನ್ನೆಣಿಸಿ ವಿರಮಿಸಿದನು. ಬಳಿಕ ಬಂದ ಆಲಂಕಾರಿಕರು ಶಾಂತವನ್ನು ಕೂಡಿಸಿ ಒಂಬತ್ತಾಗಿಸಿದರು. ಹತ್ತನೆಯ ಪೀಠಕ್ಕಾಗಿ ಭಕ್ತಿಯೂ ವಾತ್ಸಲ್ಯವೂ ಶತಮಾನಗಳಿಂದ ಅರ್ಜಿ ಹಿಡಿದು ನಿಂತಿರುವುದನ್ನು ವಿದ್ವಾಂಸರು ಬಲ್ಲರು. ಆ ಉಮೇದುವಾರರ ಹಿರಿತನವನ್ನು ಮನ್ನಿಸುತ್ತಲೇ, ಪೀಠವು ಈಗಾಗಲೇ ಭರ್ತಿಯಾಗಿದೆಯೆಂಬುದನ್ನೂ, ಅದರ ಮೇಲೆ ಧಕ್ಕೆಯೆಂಬ ರಸವು ಪೊಲೀಸು ಬಂದೋಬಸ್ತಿನೊಡನೆ ವಿರಾಜಮಾನವಾಗಿದೆಯೆಂಬುದನ್ನೂ ಸಪ್ರಮಾಣವಾಗಿ ಸ್ಥಾಪಿಸುವುದೇ ಪ್ರಕೃತ ಪ್ರಬಂಧದ ಪ್ರತಿಜ್ಞೆ.

ಮೊದಲು ರಸಸಾಮಗ್ರಿ. ಶೃಂಗಾರಕ್ಕೆ ರತಿಯೂ ಕರುಣಕ್ಕೆ ಶೋಕವೂ ಇರುವಂತೆ ಇದಕ್ಕೆ ‘ಭಾವನೆಗಳು’ ಸ್ಥಾಯಿ. ಇವು ನಿತ್ಯಬಹುವಚನ, ಒಬ್ಬಂಟಿಗೆ ನೋವಾದರೆ ಅದು ಬರಿಯ ದುಃಖ, ಸಮುದಾಯಕ್ಕಾದರೆ ಮಾತ್ರ ಧಕ್ಕೆ. ಪುಸ್ತಕದಿಂದಲೋ ಭಾಷಣದಿಂದಲೋ ಕಿತ್ತು ತೆಗೆದ ಒಂದು ವಾಕ್ಯ ಆಲಂಬನ ವಿಭಾವ. ಆನಂದವರ್ಧನನು ಧ್ವನಿಗೆ ಕೊಟ್ಟ ಸ್ಥಾನವನ್ನು ಇಲ್ಲಿ ಧ್ವನಿವರ್ಧಕವು ಪಡೆದು ಉದ್ದೀಪನವಾಗುತ್ತದೆ. ಮೈಸೂರಿನ ರಾಮಸ್ವಾಮಿ ವೃತ್ತದಲ್ಲಿ ಪ್ರತಿಕೃತಿ ದಹನ, ಜಿಲ್ಲಾಧಿಕಾರಿಗಳಿಗೆ ಮನವಿ, ರಸ್ತೆತಡೆ ಇವು ಅನುಭಾವಗಳು. ಬಂದು ಹೋಗುವ ಪತ್ರಿಕಾಗೋಷ್ಠಿಯು ಸಂಚಾರಿ.

ಇನ್ನು ಸಹೃದಯನ ಲಕ್ಷಣ. ಅಭಿನವಗುಪ್ತನು ಹೇಳಿದ ಏಳು ರಸವಿಘ್ನಗಳೊಡನೆ ಎಂಟನೆಯದೊಂದನ್ನು ಇಲ್ಲಿ ಸೇರಿಸಬೇಕಾಗಿದೆ: ಅದು ಗ್ರಂಥಪಠನ. ಪುಟ ತಿರುವಿದವನಿಗೆ ವಾಕ್ಯದ ಹಿಂದುಮುಂದು ಕಾಣಿಸಿ, ಕಾದ ರಸವು ತಣ್ಣಗಾಗುವ ಅಪಾಯವುಂಟು. ಆದುದರಿಂದ ಓದದವನೇ ಉತ್ತಮ ಸಹೃದಯನು, ಅರ್ಧ ಓದಿದವನು ಮಧ್ಯಮನು, ಪೂರ್ತಿ ಓದಿದವನು ಅರಸಿಕನು.

ಪೂರ್ವಪಕ್ಷಿಯು ಹೀಗೆನ್ನಬಹುದು: ಈ ಭಾವವು ಕ್ಷಣಿಕವಾದುದರಿಂದ ಸ್ಥಾಯಿಯೆನಿಸಲಾರದು. ಹಾಗಲ್ಲ. ಪಿ.ವಿ. ನಾರಾಯಣ ಅವರು ಶರಣರ ಕಾಲವನ್ನು ಕುರಿತು ರಚಿಸಿದ ‘ಧರ್ಮಕಾರಣ’ ಕಾದಂಬರಿಯು 1995ರಲ್ಲಿ ಪ್ರಕಟವಾಗಿ, ಪ್ರಶಸ್ತಿಗೂ ಪಾತ್ರವಾಗಿ, 1997ರಲ್ಲಿ ಸರ್ಕಾರದ ಮುಟ್ಟುಗೋಲಿಗೂ ಪಾತ್ರವಾಯಿತು. ಆ ಆಜ್ಞೆಯನ್ನು ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ ಎತ್ತಿಹಿಡಿಯಿತು. ಒಂದು ದಶಕ ಬಾಳಿದ ಭಾವವನ್ನು ಸ್ಥಾಯಿಯಲ್ಲವೆನ್ನಲು ಯಾವ ಮೀಮಾಂಸಕನಿಗೆ ಧೈರ್ಯವಿದೆ?

ಅನಂತರ ಕವಿಶಿಕ್ಷೆ. ಕಾದಂಬರಿಕಾರನು ದುಷ್ಟಪಾತ್ರಕ್ಕೆ ಜಾತಿಯನ್ನು ಹೇಳಕೂಡದು, ಏಕೆಂದರೆ ಆ ಜಾತಿಗೆ ಧಕ್ಕೆ. ಕಸುಬನ್ನು ಹೇಳಕೂಡದು, ಏಕೆಂದರೆ ಅದಕ್ಕೊಂದು ಸಂಘವಿರುತ್ತದೆ. ಆದರೆ ಜಾತಿ ಹೇಳದವನಿಗೆ ಮೈಸೂರಿನ ಎಷ್ಟೋ ಬಡಾವಣೆಗಳಲ್ಲಿ ಬಾಡಿಗೆಗೆ ಮನೆ ದೊರೆಯದು. ಆದುದರಿಂದ ದುಷ್ಟನು ಇಡೀ ಕಾದಂಬರಿಯನ್ನು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆಯೇ ಕಳೆಯತಕ್ಕದ್ದು.

ಕೊನೆಗೆ ಈ ಶಾಸ್ತ್ರದ ಮರ್ಮವಾದ ಅಧಿಕಾರಿ ನಿರ್ಣಯ. 1973ರ ನವೆಂಬರಿನಲ್ಲಿ, ಇದೇ ಮೈಸೂರಿನ ಸಭೆಯೊಂದರಲ್ಲಿ, ದೇವರಾಜ ಅರಸರ ಸಂಪುಟದ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ರಸನಿಷ್ಪತ್ತಿಯು ತತ್ಕ್ಷಣವಾಯಿತು: ರಾಜ್ಯದುದ್ದಕ್ಕೂ ಮೆರವಣಿಗೆಗಳೆದ್ದವು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಸಚಿವರು ರಾಜೀನಾಮೆಯಿತ್ತರು. ಕನ್ನಡ ಸಾಹಿತ್ಯವನ್ನು ಬಹಳಷ್ಟು ಓದಿ, ಅದರಲ್ಲಿ ಬಹಳಷ್ಟನ್ನು ತಾವೇ ಬರೆದಿದ್ದ ಕುವೆಂಪು ಅವರು ಮಾತ್ರ ಧಕ್ಕೆಗೊಳ್ಳದೆ ಬಸವಲಿಂಗಪ್ಪನವರ ಪರವಾಗಿ ನಿಂತದ್ದು, ಓದು ರಸವಿಘ್ನವೆಂಬ ನಮ್ಮ ಸಿದ್ಧಾಂತಕ್ಕೆ ಪರಮಪ್ರಮಾಣ.

ಇಲ್ಲಿ ಸಂಶಯವೊಂದುಂಟು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಹೊರಟಿದ್ದವರು ಇದೇ ಸಚಿವರು. ತಲೆಮಾರುಗಳಿಂದ ಅದನ್ನು ಹೊತ್ತವರ ಭಾವನೆಗಳಿಗೆ ಧಕ್ಕೆಯಾಯಿತೆಂದು ಯಾವ ಮೆರವಣಿಗೆಯೂ ಹೊರಡದೆ, ಒಂದು ಮಾತಿಗೆ ರಾಜ್ಯವೇ ಹೊರಟುದೇಕೆ? ಇದಕ್ಕೆ ಸಮಾಧಾನವು ಮೈಸೂರಿನಲ್ಲಿಯೇ ದೊರೆಯುತ್ತದೆ. ಇಲ್ಲಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ಲಭಿಸಿ, 1909ರಲ್ಲಿ ಪ್ರಕಟವಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ವಾಕ್ಪಾರುಷ್ಯವೆಂಬ ಪ್ರಕರಣವಿದೆ. ಅಂಗವಿಕಲನನ್ನು ನಿಜವನ್ನೇ ಹೇಳಿ ಹಂಗಿಸಿದರೆ 3 ಪಣ ದಂಡ, ಸುಳ್ಳು ಹೇಳಿ ಹಂಗಿಸಿದರೆ 6 ಪಣ, ಒಕ್ಕಣ್ಣನನ್ನು ಸುಂದರಾಕ್ಷನೆಂದು ಹೊಗಳಿ ಅಣಕಿಸುವ ಸ್ತುತಿನಿಂದೆಗೆ 12 ಪಣ. ಬೈಸಿಕೊಂಡವನು ಶ್ರೇಷ್ಠನಾದರೆ ಇಮ್ಮಡಿ ದಂಡ, ಹೀನನೆನಿಸಿದವನಾದರೆ ಅರ್ಧದಂಡ. ಧಕ್ಕೆಯ ತೂಕವು ಗಾಯದ ಆಳದಲ್ಲಿಲ್ಲ, ಗಾಯಗೊಂಡವನ ಅಂತಸ್ತಿನಲ್ಲಿದೆಯೆಂಬ ಈ ಸೂತ್ರವನ್ನು ಇಪ್ಪತ್ತನೆಯ ಶತಮಾನವು ಕೌಟಿಲ್ಯನ ಹಂಗಿಲ್ಲದೆ ತಾನಾಗಿಯೇ ಪಾಲಿಸಿತು. ಅರ್ಧದಂಡದ ಪಟ್ಟಿಗೆ ಸೇರಿದ್ದ ಆ ದಲಿತ ಯುವಕರಾದರೋ ರಸಶಾಸ್ತ್ರವನ್ನೇ ಕೈಬಿಟ್ಟು, ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿ, ಬೂಸಾ ಎನ್ನಲಾಗದ ಸಾಹಿತ್ಯವನ್ನು ತಾವೇ ಬರೆಯತೊಡಗಿದರು. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂದಿತು. ಧಕ್ಕೆಗೆ ಉತ್ತರವಾಗಿ ಪುಸ್ತಕ ಬರೆಯುವುದು ಶಾಸ್ತ್ರವಿರುದ್ಧವಾದುದರಿಂದ ಅದರ ವಿಚಾರವನ್ನು ಇಲ್ಲಿ ವಿಸ್ತರಿಸುವುದಿಲ್ಲ.

ಈ ಪ್ರಬಂಧವು ಸ್ಪಷ್ಟವಾಗಿ ಸ್ತುತಿನಿಂದೆಯ ವರ್ಗಕ್ಕೆ ಸೇರಿರುವುದರಿಂದಲೂ, ಶ್ರೇಷ್ಠರನ್ನು ಕುರಿತದ್ದಾಗಿರುವುದರಿಂದಲೂ, ಲೇಖಕನು ತೆರಬೇಕಾದ ದಂಡವು 24 ಪಣವೆಂದು ನಿರ್ಣಯವಾಗುತ್ತದೆ. ತೆರಲು ಆಕ್ಷೇಪಣೆಯಿಲ್ಲ, ವಸೂಲಿಗೆ ಬರುವ ಮಹನೀಯರು ಇದನ್ನು ಒಮ್ಮೆ ಪೂರ್ತಿ ಓದಿ ಬರಬೇಕೆಂಬುದೊಂದೇ ಷರತ್ತು.